ರಷ್ಯದ ರಾಜಗೃಹದಲ್ಲಿ ಅತ್ತೆ–ಸೊಸೆಯರು: ಒಂದು ಉತ್ತರಾಧಿಕಾರ ಶಾಸನದ ಪೂರ್ವಚರಿತ್ರೆ

ಹದಿನೆಂಟನೆಯ ಶತಮಾನದ ರಷ್ಯದ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ, ಯುದ್ಧಗಳನ್ನೂ ಸಂಧಿಗಳನ್ನೂ ರಾಜಶಾಸನಗಳನ್ನೂ ಚರಿತ್ರೆಯೆಂದು ಪರಿಗಣಿಸಿ, ಅಂತಃಪುರದ ಅತ್ತೆ–ಸೊಸೆಯರ ಮನಸ್ತಾಪಗಳನ್ನು ಆ ಚರಿತ್ರೆಯ ನಡುನಡುವೆ ಓದುಗನ ವಿನೋದಾರ್ಥವಾಗಿ ಸೇರಿಸತಕ್ಕ ಉಪಕಥೆಗಳೆಂದು ಎಣಿಸಿರುವರು. ಈ ವಿಭಾಗಕ್ರಮವು ಸಾಧುವಲ್ಲವೆಂಬುದು ನನ್ನ ಪಕ್ಷ. ಎರಡನೆಯ ಕ್ಯಾಥರೀನ್ ಮಹಾರಾಣಿಗೂ ಆಕೆಯ ಸೊಸೆ ಮಾರಿಯಾ ಫ್ಯೊದೊರೊವ್ನಾಳಿಗೂ ಇಪ್ಪತ್ತು ವರ್ಷಗಳ ಕಾಲ ನಡೆದ ವೈಮನಸ್ಯವು ಒಂದು ಶಾಸನದಿಂದ ಹುಟ್ಟಿ, ಮತ್ತೊಂದು ಶಾಸನದಲ್ಲಿ ಪರ್ಯವಸಾನ ಹೊಂದಿತು. ಆ ಎರಡನೆಯ ಶಾಸನದ ಮೇಲೆ ಸೊಸೆಯ ಸಹಿಯಿದೆ. (ಇಲ್ಲಿ ಕೊಟ್ಟಿರುವ ರಷ್ಯದ ತಾರೀಖುಗಳೆಲ್ಲ ಅಂದಿನ ಅಲ್ಲಿಯ ಹಳೆಯ ಪಂಚಾಂಗದವು, ಆ ಶತಮಾನದಲ್ಲಿ ಅದು ಯುರೋಪಿನ ಹೊಸ ಪಂಚಾಂಗಕ್ಕಿಂತ 11 ದಿನ ಹಿಂದಿತ್ತು.)

ಮೂಲವಿರುವುದು 1722ನೆಯ ಇಸವಿಯಲ್ಲಿ. ತನ್ನ ಮಗ ಅಲೆಕ್ಸಿಯು 1718ರಲ್ಲಿ ಸೆರೆಮನೆಯಲ್ಲಿ ಮಡಿದ ತರುವಾಯ, ಮೊದಲನೆಯ ಪೀಟರನು ಫೆಬ್ರವರಿ 5ರಂದು ಹೊರಡಿಸಿದ ಆಜ್ಞೆಯಂತೆ, ಆಳುವ ಅರಸನು ತನ್ನ ಉತ್ತರಾಧಿಕಾರಿಯನ್ನು ಸ್ವೇಚ್ಛೆಯಿಂದ ನೇಮಿಸಬಹುದಾಗಿತ್ತು, ನೇಮಕಗೊಂಡವನು ಅಯೋಗ್ಯನೆಂದು ತೋರಿದರೆ ತಳ್ಳಿಹಾಕಲೂಬಹುದಾಗಿತ್ತು. ಫಿಯೊಫಾನ್ ಪ್ರೊಕೊಪೊವಿಚ್ ಎಂಬ ವಿದ್ವಾಂಸ ಧರ್ಮಾಧ್ಯಕ್ಷನು ಈ ಆಜ್ಞೆಯನ್ನು ಸಮರ್ಥಿಸಿ ಗ್ರಂಥವನ್ನೇ ರಚಿಸಿದನು. ಪೀಟರನಾದರೋ 1725ರಲ್ಲಿ ಯಾರನ್ನೂ ಹೆಸರಿಸದೆ ತೀರಿಕೊಂಡನು. ಜ್ಯೇಷ್ಠಪುತ್ರನ ಹಕ್ಕು ಹೀಗೆ ಅಳಿದುಹೋದ ನಾಡಿನಲ್ಲಿ, ಮೊದಲನೆಯ ಕ್ಯಾಥರೀನ್, ಆನಾ, ಎಲಿಜಬೆತ್, ಎರಡನೆಯ ಕ್ಯಾಥರೀನ್ ಎಂದು ನಾಲ್ವರು ಸ್ತ್ರೀಯರು ಶತಮಾನ ಮುಗಿಯುವುದರೊಳಗೆ ಸಿಂಹಾಸನವನ್ನೇರಿದರು. ಅದೇ ಕಾರಣದಿಂದಲೇ ಯುವರಾಜನ ಹೆಂಡತಿಯ ತೊಡೆಯ ಮೇಲಿನ ಕೂಸು ಕೇವಲ ಆಕೆಯ ಕೂಸಾಗಿ ಉಳಿಯಲಿಲ್ಲ; ಮಗನನ್ನು ಬಿಟ್ಟು ಮೊಮ್ಮಗನಿಗೆ ಪಟ್ಟ ಕಟ್ಟುವ ಅಧಿಕಾರವು ಅಜ್ಜಿಯ ಕೈಯಲ್ಲಿರುವಲ್ಲಿ, ಯಾರ ವಶದಲ್ಲಿ ಮಗುವಿದೆಯೋ ಅವರ ವಶದಲ್ಲಿ ಮುಂದಿನ ರಾಜ್ಯವಿದೆ.

ಇದರ ಪ್ರಥಮ ಪ್ರಯೋಗ ನಡೆದುದು ಕ್ಯಾಥರೀನಳ ಮೇಲೆಯೇ. 1741ರ ನವೆಂಬರಿನಲ್ಲಿ ಸಿಂಹಾಸನವನ್ನು ವಶಪಡಿಸಿಕೊಂಡ ಎಲಿಜಬೆತ್ ಮಹಾರಾಣಿಗೆ ಸ್ವಂತ ಸಂತಾನವಿರಲಿಲ್ಲವಾಗಿ, ಆಕೆಯು ಗತಿಸಿದ ಅಕ್ಕನ ಮಗನನ್ನು ಹೋಲ್‌ಸ್ಟೈನಿನಿಂದ ಕರೆಯಿಸಿ ಉತ್ತರಾಧಿಕಾರಿಯೆಂದು ಸಾರಿದಳು. ಚಿಕ್ಕಮ್ಮನು ತಾಯಿಯ ಸಮಾನಳೆನ್ನುವ ನಮ್ಮ ಬಳಕೆಯಲ್ಲಿ ನೋಡಿದರೆ, ಅವನನ್ನು ವರಿಸಿದ ಜರ್ಮನ್ ರಾಜಕುಮಾರಿ ಸೋಫಿಯಾ ಎಲ್ಲ ರೀತಿಯಲ್ಲಿಯೂ ಎಲಿಜಬೆತಳ ಸೊಸೆಯೇ ಸರಿ. 1729ರಲ್ಲಿ ಸ್ಟೆಟ್ಟಿನ್ ಪಟ್ಟಣದಲ್ಲಿ ಜನಿಸಿ, 1744ರಲ್ಲಿ ರಷ್ಯಕ್ಕೆ ಬಂದು, ಮತಾಂತರದೊಡನೆ ಕ್ಯಾಥರೀನ್ ಎಂಬ ಹೊಸ ಹೆಸರನ್ನು ಪಡೆದು, 1745ರ ಆಗಸ್ಟಿನಲ್ಲಿ ವಿವಾಹವಾದ ಈ ಹುಡುಗಿಗೆ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಕೊನೆಗೆ 1754ರ ಸೆಪ್ಟೆಂಬರ್ 20ರಂದು ಪಾಲನು ಹುಟ್ಟಿದಾಗ, ಎಲಿಜಬೆತಳು ಶಿಶುವನ್ನು ಸೂಲಗಿತ್ತಿಯ ಕೈಯಲ್ಲಿ ಹಿಡಿಸಿಕೊಂಡು ತನ್ನ ಕೋಣೆಗೆ ಹೊರಟುಹೋದಳು. ಬಾಣಂತಿಯು ಗಾಳಿ ನುಗ್ಗುವ ಕೊಠಡಿಯಲ್ಲಿ, ಕುಡಿಯಲು ನೀರು ಕೇಳಿದರೂ ಕೊಡುವವರಿಲ್ಲದೆ, ಗಂಟೆಗಟ್ಟಲೆ ಮಲಗಿದ್ದಳು. ಕೆಲವು ದಿನಗಳ ಮೇಲೆ ನಾಮಕರಣದ ಸಂದರ್ಭದಲ್ಲಿ 1,00,000 ರೂಬಲ್ಲುಗಳ ಬಹುಮಾನದ ಆಜ್ಞಾಪತ್ರವು ಚಿನ್ನದ ತಟ್ಟೆಯಲ್ಲಿ ಬಂದಿತು. ಮಗುವಿನ ಮುಖವನ್ನು ತಾಯಿ ನೋಡಿದುದು ಸುಮಾರು ನಲವತ್ತು ದಿನಗಳ ತರುವಾಯ.

ಈ ವೃತ್ತಾಂತಕ್ಕೆ ಆಧಾರ ಕ್ಯಾಥರೀನಳ ಆತ್ಮಕಥನವೇ ಆದ್ದರಿಂದ, ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಕೆಯು ಅದನ್ನು ಒಂದಕ್ಕಿಂತ ಹೆಚ್ಚು ಸಲ ತಿದ್ದಿ ಬರೆದಳು. ಅದು ಮುದ್ರಿತವಾದುದು ಆಕೆ ಸತ್ತು ಅರವತ್ತು ವರ್ಷಗಳು ಕಳೆದ ಮೇಲೆ, ಲಂಡನ್ನಿನಲ್ಲಿದ್ದ ರಷ್ಯನ್ ಲೇಖಕ ಹೆರ್ಜೆನ್ನನ ಪ್ರಯತ್ನದಿಂದ. ಗಂಡನನ್ನು ಪದಚ್ಯುತನನ್ನಾಗಿ ಮಾಡಿದವಳು ತನ್ನ ಪೂರ್ವದುಃಖಗಳನ್ನು ಗಾಢವರ್ಣದಲ್ಲಿ ಚಿತ್ರಿಸುವುದು ಸ್ವಾಭಾವಿಕ. ಆದರೆ ನನ್ನ ದೃಷ್ಟಿಗೆ ಇದಕ್ಕಿಂತ ಗಂಭೀರವಾದ ಅಂಶವೊಂದಿದೆ. ಈ ಕಥನದ ಕಡೆಯ ಪಾಠವು 1790ರ ದಶಕದ್ದು. ಎಂದರೆ, ತನ್ನಿಂದ ಮಗುವನ್ನು ಕಿತ್ತುಕೊಂಡ ಕ್ರೌರ್ಯವನ್ನು ಆಕೆ ಲೇಖನಿಯಲ್ಲಿ ತಿದ್ದುತ್ತಿದ್ದ ಕಾಲಕ್ಕೆ, ಸೊಸೆಯ ಇಬ್ಬರು ಹಿರಿಯ ಗಂಡುಮಕ್ಕಳು ಆಕೆಯ ವಶಕ್ಕೆ ಬಂದು ಹದಿನೈದು ವರ್ಷಗಳ ಸಮೀಪವಾಗಿತ್ತು. ಆಕೆಗೆ ಮರೆವಿರಲಿಲ್ಲ.

ಎಲಿಜಬೆತಳೊಡನೆ ಅತಿ ತೀವ್ರವಾದ ಘಟ್ಟ ಬಂದುದು 1758ರಲ್ಲಿ. ಮಂತ್ರಿ ಬೆಸ್ತೂಜೆವನು ಬಂಧಿತನಾಗಿ, ಯುದ್ಧರಂಗದ ಸೇನಾಪತಿ ಅಪ್ರಾಕ್ಸಿನನಿಗೆ ಕ್ಯಾಥರೀನಳು ಪತ್ರ ಬರೆದಳೆಂಬ ಆರೋಪವೆದ್ದಾಗ, ಆಕೆಯು ಏಪ್ರಿಲ್ ತಿಂಗಳ ಒಂದು ರಾತ್ರಿ ಮಹಾರಾಣಿಯ ಪಾದಗಳ ಮೇಲೆ ಬಿದ್ದು, ತನ್ನನ್ನು ತವರಿಗೆ ಕಳುಹಿಸಿಬಿಡಬೇಕೆಂದು ಬೇಡಿದಳು. ಮಕ್ಕಳ ಗತಿಯೇನೆಂದು ಎಲಿಜಬೆತ್ ಕೇಳಿದುದಕ್ಕೆ, ಅವರು ಈಗಾಗಲೇ ನಿಮ್ಮ ಕೈಯಲ್ಲಿಯೇ ಇರುವರಲ್ಲ ಎಂಬ ಅರ್ಥದ ಉತ್ತರ ಬಂದಿತು. ಆ ಒಂದು ಉತ್ತರದಲ್ಲಿ ಅಪಹೃತಮಾತೃತ್ವದ ಸಮಸ್ತ ವೇದನೆಯೂ ರಾಜಕಾರಣದ ಸಮಸ್ತ ಚಾತುರ್ಯವೂ ಒಂದಾಗಿವೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಮ್ಮಲ್ಲಿ ಗಾದೆಯುಂಟು. ಸೊಸೆಯ ಕಾಲ 1762ರ ಜೂನ್ 28ರಂದು ಬಂದಿತು. ಗಂಡ ಮೂರನೆಯ ಪೀಟರನು ಆರು ತಿಂಗಳು ಮಾತ್ರ ಆಳಿ ಉರುಳಿದನು. ಪಾಲನ ಗುರುವಾದ ನಿಕಿತಾ ಪಾನಿನನು, ಕ್ಯಾಥರೀನಳು ಮಗನು ಪ್ರಾಯಕ್ಕೆ ಬರುವವರೆಗೆ ರಾಜಪ್ರತಿನಿಧಿಯಾಗಿ ಆಳಿದರೆ ಸಾಕೆಂದು ಬಯಸಿದ್ದನು. ಆಕೆಯಾದರೋ ಸ್ವಯಂ ಮಹಾರಾಣಿಯಾದಳು. ಅಂದಿನಿಂದ ಮಗನು ಬೆಳೆದಂತೆಲ್ಲ ತಾಯಿಯ ಸಿಂಹಾಸನದ ಮೇಲಿನ ಪ್ರಶ್ನಚಿಹ್ನೆಯೂ ಬೆಳೆಯಿತು.

ಮೊದಲ ಸೊಸೆ, ಹೆಸ್ಸೆ–ಡಾರ್ಮ್‌ಸ್ಟಾಟಿನ ವಿಲ್ಹೆಲ್ಮಿನಾ, ನತಾಲಿಯಾ ಎಂಬ ಹೆಸರಿನಿಂದ 1773ರ ಸೆಪ್ಟೆಂಬರಿನಲ್ಲಿ ಮನೆ ತುಂಬಿದಳು. ಅದೇ ತಿಂಗಳಲ್ಲಿ ಪುಗಚೋವನು ತಾನೇ ಮೂರನೆಯ ಪೀಟರನೆಂದು ಸಾರಿಕೊಂಡು, ಪಾಲನನ್ನು ತನ್ನ ಮಗನೆಂದು ಕರೆಯುತ್ತ ದಂಗೆಯೆದ್ದುದನ್ನು ನೆನೆದರೆ, ಮಗನ ಸಂಸಾರವನ್ನು ಮಹಾರಾಣಿ ಎಂತಹ ಕಣ್ಣಿನಿಂದ ನೋಡಿರಬಹುದೆಂದು ಊಹಿಸಬಹುದು. ಸೊಸೆಗೆ ಎಲ್ಲದರಲ್ಲಿಯೂ ಅತಿರೇಕ, ಸಾಲ ವಿಪರೀತ, ರಷ್ಯನ್ ಭಾಷೆಯನ್ನು ಕಲಿಯುವ ಮನಸ್ಸಿಲ್ಲ ಎಂದು ಆಕೆ ತನ್ನ ಮಿತ್ರ ಗ್ರಿಮ್ಮನಿಗೆ ದೂರಿ ಬರೆದಳು. ತಾನು ಬಂದ ಹೊಸತರಲ್ಲಿ ರಾತ್ರಿಯೆಲ್ಲ ಎದ್ದು ಆ ಭಾಷೆಯನ್ನು ಕಲಿತವಳಿಗೆ ಈ ಔದಾಸೀನ್ಯ ಅಕ್ಷಮ್ಯವಾಗಿ ಕಂಡಿರಬೇಕು. 1776ರ ಏಪ್ರಿಲ್ 15ರಂದು ನತಾಲಿಯಾ ಪ್ರಸವವೇದನೆಯಲ್ಲಿಯೇ ಮೃತಳಾದಳು, ಮಗುವೂ ಉಳಿಯಲಿಲ್ಲ. ಐದು ತಿಂಗಳು ಮುಗಿದೊಡನೆ, ಸೆಪ್ಟೆಂಬರ್ 26ರಂದು, ಪಾಲನಿಗೆ ಎರಡನೆಯ ಮದುವೆಯಾಯಿತು.

ಎರಡನೆಯ ಸೊಸೆಯೇ ಮಾರಿಯಾ ಫ್ಯೊದೊರೊವ್ನಾ, ಹುಟ್ಟುಹೆಸರಿನಿಂದ ವ್ಯುರ್ಟೆಂಬರ್ಗಿನ ಸೋಫಿಯಾ ಡೊರೊಥಿಯಾ. ಆಕೆಯೂ ಸೋಫಿಯಾ, ಆಕೆಯೂ ಸ್ಟೆಟ್ಟಿನ್ನಿನಲ್ಲಿ ಹುಟ್ಟಿದವಳು, ಆಕೆಯ ತಂದೆಯೂ ಪ್ರಷ್ಯದ ಸೇನೆಯ ಅಧಿಕಾರಿ. ಅತ್ತೆಗೂ ಸೊಸೆಗೂ ಇಷ್ಟು ಸಾದೃಶ್ಯವನ್ನು ಕಟ್ಟುಕಥೆ ಬರೆಯುವವರೂ ಕಲ್ಪಿಸಲು ಹಿಂಜರಿಯುವರು. ಗಂಡನನ್ನು ಮನಸಾರ ಪ್ರೀತಿಸಿ, ಹತ್ತು ಮಕ್ಕಳನ್ನು ಹೆತ್ತ ಈ ಸಾಧ್ವಿಯ ನಡತೆಯಲ್ಲಿ ಕ್ಯಾಥರೀನಳು ಮೊದಲಿಗೆ ಯಾವ ದೋಷವನ್ನೂ ಕಾಣಲಿಲ್ಲ. 1777ರ ಡಿಸೆಂಬರ್ 12ರಂದು ಅಲೆಕ್ಸಾಂಡರನು ಹುಟ್ಟಿದನು. ಅಜ್ಜಿಯು ಶಿಶುವನ್ನು ತನ್ನ ಬಳಿಗೆ ಒಯ್ದಳು. ತಂದೆತಾಯಿಗಳಿಗೆ ಸ್ಲಾವ್ಯಾಂಕಾ ನದಿಯ ದಡದ ಭೂಮಿ ಇನಾಮಾಗಿ ದೊರೆಯಿತು, ಅದರಲ್ಲಿಯೇ ಪಾವ್ಲೊವ್ಸ್ಕ್ ಅರಮನೆ ಎದ್ದಿತು. 1779ರಲ್ಲಿ ಹುಟ್ಟಿದ ಎರಡನೆಯ ಮಗನಿಗೆ ಕಾನ್‌ಸ್ಟಂಟೈನ್ ಎಂದು ಹೆಸರಿಟ್ಟು, ಗ್ರೀಕ್ ದಾದಿಯನ್ನು ನೇಮಿಸಿ, ತುರ್ಕರಿಂದ ಗೆದ್ದುಕೊಳ್ಳಬೇಕಾಗಿದ್ದ ಕಾನ್‌ಸ್ಟಾಂಟಿನೋಪಲಿಗೆ ಅವನನ್ನು ತೊಟ್ಟಿಲಿನಲ್ಲಿಯೇ ಅರಸನನ್ನಾಗಿ ಸಂಕಲ್ಪಿಸಿದವಳೂ ಅಜ್ಜಿಯೇ.

ಇಲ್ಲಿ ಕ್ಯಾಥರೀನಳಿಗೆ ಅನ್ಯಾಯ ಮಾಡಲಾಗದು. ಆಕೆಯ ವಾತ್ಸಲ್ಯ ನಿಜವಾದದ್ದು. ಎಲಿಜಬೆತಳು ಪಾಲನನ್ನು ಕಾದ ಕೋಣೆಯಲ್ಲಿ ನರಿಯ ತುಪ್ಪುಳದ ಹೊದಿಕೆಯೊಳಗೆ ಬೆವರಿಸಿ ಸಾಕಿದುದನ್ನು ಕಂಡಿದ್ದ ಆಕೆಯು ಮೊಮ್ಮಗನಿಗೆ ಕಬ್ಬಿಣದ ಮಂಚವನ್ನೂ, ತಂಪಾದ ಗಾಳಿಯನ್ನೂ, ತಾನೇ ಯೋಚಿಸಿ ಹೊಲಿಸಿದ ಸಡಿಲವಾದ ಉಡುಪನ್ನೂ ಕೊಟ್ಟಳು. ಆ ಉಡುಪಿನ ನಕ್ಷೆಯನ್ನು ಸಂಭ್ರಮದಿಂದ ಪರದೇಶದ ಮಿತ್ರರಿಗೆ ಕಳುಹಿಸಿದಳು. ಮೊಮ್ಮಕ್ಕಳಿಗಾಗಿ ಅಕ್ಷರಮಾಲೆಯನ್ನೂ, ರಾಜಕುಮಾರ ಖ್ಲೋರನ ಕಥೆಯನ್ನೂ, 1784ರಲ್ಲಿ ಅವರ ಶಿಕ್ಷಣದ ವಿಸ್ತಾರವಾದ ವಿಧಿಯನ್ನೂ ಬರೆದಳು. ಹಳೆಯ ಶಿಶುಪಾಲನೆಯಲ್ಲಿ ಆಕೆ ತಿದ್ದದ ಅಂಶ ಒಂದೇ, ಅದು ತಾಯಿಯ ಅಗಲಿಕೆ. ಅದನ್ನು ತಿದ್ದಿದ್ದರೆ ಮೊಮ್ಮಗನು ಪಾಲನ ಮಗನಾಗಿ ಬೆಳೆಯುತ್ತಿದ್ದನು; ಆಕೆಗೆ ಬೇಕಾಗಿದ್ದುದು ಕ್ಯಾಥರೀನಳ ಉತ್ತರಾಧಿಕಾರಿ.

ಸೊಸೆಯು ಬಹುಕಾಲ ಮೌನದಿಂದಲೇ ಸಹಿಸಿದಳು. 1781ರ ಸೆಪ್ಟೆಂಬರಿನಲ್ಲಿ ದಂಪತಿಗಳು ‘ಉತ್ತರದೇಶದ ಕೌಂಟ್ ಮತ್ತು ಕೌಂಟೆಸ್’ ಎಂಬ ಮರೆಹೆಸರಿನಿಂದ ಯುರೋಪಿನ ಪ್ರವಾಸಕ್ಕೆ ಹೊರಟಾಗ, ಮಕ್ಕಳನ್ನು ಬಿಟ್ಟುಹೋಗುವ ದುಃಖದಲ್ಲಿ ಆಕೆ ಮೂರ್ಛೆಹೋಗಿ, ಆಕೆಯನ್ನು ರಥಕ್ಕೆ ಎತ್ತಿಕೊಂಡು ಹೋಗಬೇಕಾಯಿತೆಂದು ಅಲ್ಲಿದ್ದ ವಿದೇಶೀ ರಾಯಭಾರಿ ಬರೆದಿದ್ದಾನೆ. ವಿಯೆನ್ನಾ, ಇಟಲಿ, ಪ್ಯಾರಿಸ್, ತವರಾದ ಮೋಂಬೆಲ್ಯಾರ್ ಎಲ್ಲೆಡೆಯೂ ಸನ್ಮಾನವಾಯಿತು. 1782ರ ನವೆಂಬರಿನಲ್ಲಿ ಹಿಂದಿರುಗಿದವರಿಗೆ ರಾಜಧಾನಿಯಲ್ಲಿ ದೊರೆತ ಸ್ವಾಗತ ತಣ್ಣಗಿತ್ತು. ಪಾವ್ಲೊವ್ಸ್ಕಿನಲ್ಲಿ ಅತ್ತೆಯ ಮೆಚ್ಚಿನ ಶಿಲ್ಪಿ ಚಾರ್ಲ್ಸ್ ಕ್ಯಾಮರನ್ನನಿಗೂ ಸೊಸೆಗೂ ಸರಿಬೀಳದೆ, ಕಡೆಗೆ ಬ್ರೆನ್ನನು ಅವನ ಸ್ಥಾನಕ್ಕೆ ಬಂದುದು ಚಿಕ್ಕ ಸಂಗತಿ. ಚಿಕ್ಕದಲ್ಲದ ಸಂಗತಿ 1786ರ ಡಿಸೆಂಬರಿನದು: ಮಾರಿಯಾಳ ಹಿರಿಯ ಅಣ್ಣ, ರಷ್ಯದ ಸೇವೆಯಲ್ಲಿದ್ದ ಫ್ರೆಡ್ರಿಕನು ಹೆಂಡತಿ ಆಗಸ್ಟಾಳನ್ನು ಹಿಂಸಿಸುತ್ತಿದ್ದನೆಂದು, ಮಹಾರಾಣಿಯು ಆ ಹೆಂಡತಿಗೆ ಆಶ್ರಯವಿತ್ತು ಅವನನ್ನು ದೇಶದಿಂದ ಹೊರಡಿಸಿದಳು. ಆಗಸ್ಟಾಳನ್ನು ಕಾಪಾಡಿದುದು ನ್ಯಾಯವೇ ಆಗಿತ್ತೆಂದು ನಾನು ತಿಳಿಯುತ್ತೇನೆ; ಆದರೆ ಮಾರಿಯಾ ಅದರಲ್ಲಿ ಕಂಡುದು ತನ್ನ ತವರಿಗೆ ಆದ ಬಹಿರಂಗ ಅಪಮಾನವನ್ನು.

ಅದರ ಬೆನ್ನಿಗೆ ಕ್ರಿಮಿಯಾ ಯಾತ್ರೆಯ ವಿವಾದ ಬಂದಿತು. 1787ರ ಜನವರಿಯಲ್ಲಿ ಹೊರಡಲಿದ್ದ ಆ ದೀರ್ಘಪ್ರಯಾಣಕ್ಕೆ ಮಹಾರಾಣಿಯು ಮಗನನ್ನೂ ಸೊಸೆಯನ್ನೂ ಬಿಟ್ಟು, ಒಂಬತ್ತು ಮತ್ತು ಏಳು ವರ್ಷದ ಮೊಮ್ಮಕ್ಕಳನ್ನು ಕರೆದೊಯ್ಯಲು ನಿಶ್ಚಯಿಸಿದಳು. ತಂದೆತಾಯಿಗಳು ಪತ್ರಮುಖೇನ ವಿರೋಧಿಸಿದರು. ಮಕ್ಕಳು ನಿಮ್ಮವರೂ ಹೌದು, ನನ್ನವರೂ ಹೌದು, ರಾಜ್ಯದವರೂ ಹೌದು ಎಂಬ ಭಾವದ ಪ್ರತ್ಯುತ್ತರ ಬಂದಿತು. 1722ರ ಆಜ್ಞೆಯು ಅಜ್ಜಿಯ ನಾಲಗೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ನುಡಿದುದು ಬೇರೆಲ್ಲಿಯೂ ನನಗೆ ಕಂಡುಬಂದಿಲ್ಲ. ಅಷ್ಟರಲ್ಲಿ ಮಕ್ಕಳು ಕಾಯಿಲೆ ಬಿದ್ದುದರಿಂದ ಅಜ್ಜಿ ಅವರನ್ನು ಬಿಟ್ಟೇ ಹೊರಡಬೇಕಾಯಿತು.

ಮರುವರ್ಷದ ಜನವರಿ 4ರಂದು, ತುರ್ಕರ ಮೇಲಣ ಯುದ್ಧಕ್ಕೆ ಹೋಗುವ ಉದ್ದೇಶವಿದ್ದ ಪಾಲನು, ಹೆಂಡತಿಯೊಡನೆ ಕೂಡಿ ರಹಸ್ಯವಾಗಿ ಒಂದು ಪತ್ರವನ್ನು ಸಿದ್ಧಪಡಿಸಿದನು. ಸಿಂಹಾಸನವು ಹಿರಿಯ ಮಗನಿಂದ ಅವನ ಹಿರಿಯ ಮಗನಿಗೆ ಜನ್ಮಕ್ರಮದಿಂದಲೇ ಸಲ್ಲತಕ್ಕದ್ದು; ಇಡೀ ವಂಶದ ಪುರುಷಶಾಖೆಗಳೆಲ್ಲ ಅಳಿದಲ್ಲದೆ ಸ್ತ್ರೀಯರಿಗೆ ಸಲ್ಲತಕ್ಕದ್ದಲ್ಲ; ಅರಸನು ಅಪ್ರಾಪ್ತವಯಸ್ಕನಾಗಿದ್ದರೆ ಅವನ ಪೋಷಣೆಯೂ ರಾಜಪ್ರತಿನಿಧಿತ್ವವೂ ಬದುಕಿರುವ ತಂದೆಗೆ ಅಥವಾ ತಾಯಿಗೆ ಸೇರತಕ್ಕದ್ದು. ಕೆಳಗೆ ಗಂಡಹೆಂಡಿರಿಬ್ಬರ ಸಹಿ. ಈ ಕಡೆಯ ವಿಧಿಯನ್ನು ನ್ಯಾಯಶಾಸ್ತ್ರದ ಪಂಡಿತರು ಇತರ ದೇಶಗಳ ನಿಬಂಧನೆಗಳೊಡನೆ ಹೋಲಿಸುವರು. ಹತ್ತು ವರ್ಷಗಳಿಂದ ಗಂಡುಮಕ್ಕಳ ತೊಟ್ಟಿಲು ಬರಿದಾಗಿದ್ದ ಮನೆಯಲ್ಲಿ ಅದು ಬರೆಯಲ್ಪಟ್ಟಿತೆಂಬುದನ್ನೂ ಅವರು ಗಮನಿಸಬೇಕೆಂದು ನನ್ನ ಪ್ರಾರ್ಥನೆ.

ಕಡೆಯ ಘರ್ಷಣೆ 1796ರ ಬೇಸಗೆಯಲ್ಲಿ. ಜೂನ್ 25ರಂದು ತ್ಸಾರ್‌ಸ್ಕೊಯೆ ಸೆಲೋ ಅರಮನೆಯಲ್ಲಿ ನಿಕೊಲಾಸನನ್ನು ಹೆತ್ತು ಮಲಗಿದ್ದ ಮಾರಿಯಾಳ ಮುಂದೆ, ಪಾಲನು ತನ್ನ ಹಕ್ಕನ್ನು ಅಲೆಕ್ಸಾಂಡರನಿಗೆ ಬಿಟ್ಟುಕೊಡಬೇಕೆಂಬ ಪತ್ರವನ್ನಿಟ್ಟು ಸಹಿ ಮಾಡಿಸಲು ಅತ್ತೆಯು ಯತ್ನಿಸಿದಳೆಂದೂ, ಸೊಸೆಯು ರೋಷದಿಂದ ನಿರಾಕರಿಸಿದಳೆಂದೂ ರಾಜಕುಟುಂಬದಲ್ಲಿ ಹೇಳಿಕೆಯಾಗಿ ಬಂದಿದೆ. ಹೇಳಿಕೆಯ ವಿವರಗಳು ಹೇಗೆಯೇ ಇರಲಿ, ಮಗನನ್ನು ದಾಟಿ ಮೊಮ್ಮಗನಿಗೆ ಪಟ್ಟ ಕಟ್ಟುವ ಯೋಚನೆ ಕ್ಯಾಥರೀನಳಲ್ಲಿ ಬಲವಾಗಿದ್ದುದು ಸಂದೇಹಾತೀತ. ಮಗನೇ ಅರಸನಾಗಿ ತಾನು ರಾಜಮಾತೆಯಾಗುವ ಆಮಿಷವನ್ನು ತಳ್ಳಿ, ಗಂಡನ ಹಕ್ಕನ್ನು ಉಳಿಸಿದ ಆ ನಿರಾಕರಣೆಯೇ ಮಾರಿಯಾಳ ಜೀವನದ ಅತ್ಯುನ್ನತ ಕ್ಷಣವೆಂದು ನಾನು ಭಾವಿಸುತ್ತೇನೆ. ನವೆಂಬರ್ 6ರಂದು ಕ್ಯಾಥರೀನಳು ಪಕ್ಷಾಘಾತದಿಂದ ಮರಣ ಹೊಂದಿದಳು. ಯಾವ ಘೋಷಣೆಯೂ ಹೊರಬಿದ್ದಿರಲಿಲ್ಲ.

1797ರ ಏಪ್ರಿಲ್ 5ರಂದು, ಮಾಸ್ಕೋವಿನ ಪಟ್ಟಾಭಿಷೇಕದ ದಿನ, ಪಾಲನು ಒಂಬತ್ತು ವರ್ಷ ಬಚ್ಚಿಟ್ಟಿದ್ದ ಆ ಪತ್ರವನ್ನು ಚರ್ಚಿನಲ್ಲಿ ತಾನೇ ಓದಿ, ಬೆಳ್ಳಿಯ ಕರಂಡಕದಲ್ಲಿರಿಸಿ, ರಾಜ್ಯದ ಮೂಲಶಾಸನವನ್ನಾಗಿ ಮಾಡಿದನು. ನಾಲ್ಕು ವರ್ಷದ ಮೇಲೆ, 1801ರ ಮಾರ್ಚ್ 11ರ ರಾತ್ರಿ, ಪಿತೂರಿಗಾರರು ಅವನನ್ನು ಕೊಂದಾಗ, ಶೋಕೋನ್ಮತ್ತಳಾದ ಮಾರಿಯಾ ತಾನೇ ಆಳುವೆನೆಂದು ಕೂಗಿದಳೆಂದು ಅಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಯಾರೂ ಕಿವಿಗೊಡಲಿಲ್ಲ, ಆಕೆಯೇ ಸಹಿ ಮಾಡಿದ ಶಾಸನದಂತೆ ಅಲೆಕ್ಸಾಂಡರನು ಅರಸನಾದನು. ಮುಂದೆ 1828ರವರೆಗೆ ಬದುಕಿದ ಆಕೆಯು ಅನಾಥಾಲಯಗಳನ್ನೂ ಬಾಲಿಕಾ ವಿದ್ಯಾಲಯಗಳನ್ನೂ ನಿಷ್ಠೆಯಿಂದ ನಡೆಸಿದಳು. ಆಸ್ಥಾನದ ಸಮಾರಂಭಗಳಲ್ಲಿ ಚಕ್ರವರ್ತಿಯ ತೋಳು ಹಿಡಿದು ಮುಂದೆ ನಡೆಯುತ್ತಿದ್ದವಳು ಆಕೆಯೇ, ಸೊಸೆ ಎಲಿಜವೇತಾ ಅಲೆಕ್ಸಿಯೆವ್ನಾ ಹಿಂದೆ ಬರುತ್ತಿದ್ದಳು. ಶಾಸನವು 1917ರವರೆಗೆ ಜಾರಿಯಲ್ಲಿತ್ತು; ಆ 120 ವರ್ಷಗಳಲ್ಲಿ ರಷ್ಯದ ಸಿಂಹಾಸನವನ್ನು ಒಬ್ಬ ಸ್ತ್ರೀಯೂ ಏರಲಿಲ್ಲ.