ಹೊಕ್ಕುಳ ಕ್ಯಾತಿಟರ್: ಸುರಕ್ಷತೆಯ ಪಾಠಗಳ ಇತಿಹಾಸ

ಆಗತಾನೇ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ಕೊಯ್ದಾಗ ಸಾಮಾನ್ಯವಾಗಿ ಮೂರು ರಕ್ತನಾಳಗಳು ಕಾಣುತ್ತವೆ: ತೆಳುಗೋಡೆಯ, ಅಗಲವಾದ ಒಂದು ಅಭಿಧಮನಿ ಹಾಗೂ ದಪ್ಪಗೋಡೆಯ, ಬಿಗಿದುಕೊಂಡ ಎರಡು ಅಪಧಮನಿಗಳು. ಜನನದ ನಂತರ ಕೆಲವು ದಿನಗಳವರೆಗೆ ಇವುಗಳ ಮೂಲಕ ದೇಹದೊಳಗಿನ ಮುಖ್ಯ ರಕ್ತನಾಳಗಳನ್ನು ತಲುಪಬಹುದು. ಈ ದಾರಿಯನ್ನು ಚಿಕಿತ್ಸೆಗೆ ಬಳಸಿಕೊಂಡವರಲ್ಲಿ ಬಾಸ್ಟನ್ನಿನ ಮಕ್ಕಳ ವೈದ್ಯ ಲೂಯಿಸ್ ಡೈಮಂಡ್ ಪ್ರಮುಖರು. ತಾಯಿ ಮತ್ತು ಮಗುವಿನ ಆರ್‌ಎಚ್ ರಕ್ತಗುಂಪು ಹೊಂದದೆ ತೀವ್ರ ಕಾಮಾಲೆಗೆ ತುತ್ತಾದ ಶಿಶುಗಳ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆದು ಬೇರೆ ರಕ್ತವನ್ನು ತುಂಬುವ ರಕ್ತವಿನಿಮಯವನ್ನು ಅವರು 1940ರ ದಶಕದ ಉತ್ತರಾರ್ಧದಲ್ಲಿ, ಹೊಕ್ಕುಳ ಅಭಿಧಮನಿಗೆ ಪ್ಲಾಸ್ಟಿಕ್ ಕ್ಯಾತಿಟರ್, ಅಂದರೆ ಸಣ್ಣ ಮೆದು ಕೊಳವೆ, ತೂರಿಸಿ ನಡೆಸಿದರು.

1950ರ ದಶಕದ ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವರ್ಜೀನಿಯಾ ಅಪ್ಗಾರ್, ಸ್ಟ್ಯಾನ್ಲಿ ಜೇಮ್ಸ್ ಮತ್ತು ಸಂಗಡಿಗರು ನವಜಾತ ಶಿಶುಗಳ ರಕ್ತದ ಆಮ್ಲತೆಯನ್ನೂ ಆಮ್ಲಜನಕವನ್ನೂ ಅಳೆಯುತ್ತಿದ್ದರು. ಅಂಥ ಅಳತೆಗೆ ಹೊಕ್ಕುಳ ಅಪಧಮನಿ ಅನುಕೂಲವಾಗಿ ಒದಗಿತು. ಈ ನಾಳದಲ್ಲಿ ಹೋಗುವ ಕೊಳವೆ ಮೊದಲು ಕಿಬ್ಬೊಟ್ಟೆಯ ಕಡೆಗೆ ಇಳಿದು, ಅಲ್ಲಿಂದ ತಿರುಗಿ ಮಹಾಪಧಮನಿಗೆ ಏರುತ್ತದೆ. ತುದಿ ಎಲ್ಲಿ ನಿಂತಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಅದು ಮೂತ್ರಪಿಂಡಕ್ಕೋ ಕರುಳಿಗೋ ಹೋಗುವ ಕವಲಿನ ಬಾಯಲ್ಲಿ ನಿಂತರೆ ಹೆಪ್ಪುಗಟ್ಟಿದ ರಕ್ತ ಆ ಅಂಗಕ್ಕೇ ಅಪಾಯ ತರುತ್ತದೆ. ಅಭಿಧಮನಿಯ ಕೊಳವೆ ಯಕೃತ್ತಿನೊಳಗೆ ಸಿಕ್ಕಿಕೊಂಡರೆ ಹರಿಸಿದ ಸಾಂದ್ರ ದ್ರವ ಅಲ್ಲಿನ ಅಂಗಾಂಶವನ್ನು ಸುಡುತ್ತದೆ. ಬ್ರಿಸ್ಟಲ್‌ನ ಪೀಟರ್ ಡನ್ 1966ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಈ ಕಾರಣದಿಂದಲೇ ವಿಶೇಷ ಮಹತ್ವವಿದೆ. ಮೃತ ಶಿಶುಗಳ ದೇಹಗಳಲ್ಲಿ ಅಳೆದು, ಭುಜದಿಂದ ಹೊಕ್ಕುಳ ಮಟ್ಟದವರೆಗಿನ ದೂರಕ್ಕೂ ಕೊಳವೆ ಎಷ್ಟು ಒಳಹೋಗಬೇಕೆಂಬುದಕ್ಕೂ ಇರುವ ಸಂಬಂಧವನ್ನು ಅವರು ನಕ್ಷೆಯಾಗಿ ಒದಗಿಸಿದರು. 1986ರಲ್ಲಿ ತೂಕವನ್ನಾಧರಿಸಿದ ಸರಳ ಸೂತ್ರವೂ ಬಂದಿತು. ಆದರೂ ಸ್ಥಾನವನ್ನು ಖಚಿತಪಡಿಸಿಕೊಳ್ಳಲು ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಇಂದಿಗೂ ಬೇಕು. ಅಪಧಮನಿಯ ಕೊಳವೆಯ ತುದಿ ಎದೆಭಾಗದ 6ರಿಂದ 9ನೇ ಕಶೇರುಗಳ ನಡುವೆ ಇರುವುದು ಉತ್ತಮವೆಂಬ ಅಭಿಪ್ರಾಯ ಕಾಲಕ್ರಮದಲ್ಲಿ ನೆಲೆಗೊಂಡಿತು.

ಇಷ್ಟಾದರೂ ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯಕ್ಕೆ ಕೊಳವೆಯಾಗಲಿ ಅದರ ಸ್ಥಾನವಾಗಲಿ ಕಾರಣವಲ್ಲ. ಪ್ರತಿಸಲ ರಕ್ತ ತೆಗೆದ ನಂತರ ಕೊಳವೆಯನ್ನು ತೊಳೆಯಲು ಬಳಸುತ್ತಿದ್ದ ಲವಣದ್ರಾವಣದಲ್ಲಿ, ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯಲು ಬೆಂಜೈಲ್ ಆಲ್ಕೋಹಾಲ್ ಬೆರೆಸಿರುತ್ತಿತ್ತು. ದೊಡ್ಡವರ ದೇಹಕ್ಕೆ ಲೆಕ್ಕವಲ್ಲದ ಆ ಪ್ರಮಾಣ, ಕಿಲೋಗ್ರಾಂಗೂ ಕಡಿಮೆ ತೂಗುವ ಶಿಶುವಿಗೆ ದಿನಕ್ಕೆ ಹಲವು ಬಾರಿ ಸೇರಿದಾಗ ವಿಷವಾಗುತ್ತಿತ್ತು. ಅದರಿಂದಾಗುವ ಬೆಂಜೋಯಿಕ್ ಆಮ್ಲವನ್ನು ನಿವಾರಿಸಿಕೊಳ್ಳುವ ಶಕ್ತಿ ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ರಕ್ತದಲ್ಲಿ ಆಮ್ಲತೆ ಏರಿ, ಮಗು ಏದುಸಿರು ಬಿಡುತ್ತ ಕುಸಿಯುತ್ತಿತ್ತು. ಅಮೆರಿಕದ ಎರಡು ಕೇಂದ್ರಗಳಲ್ಲಿ ಸಂಭವಿಸಿದ 16 ಶಿಶುಗಳ ಸಾವು 1982ರಲ್ಲಿ ವರದಿಯಾದ ಮೇಲೆ, ನವಜಾತ ಶಿಶುಗಳಿಗೆ ಅಂಥ ದ್ರಾವಣ ಬಳಸಕೂಡದೆಂದು ಸರ್ಕಾರಿ ಸಂಸ್ಥೆಗಳು ಎಚ್ಚರಿಸಿದವು. ಸೋಂಕನ್ನು ತಡೆಯಲೆಂದು ಸೇರಿಸಿದ ವಸ್ತುವೇ ಪ್ರಾಣ ತೆಗೆದದ್ದನ್ನು ಗುರುತಿಸಲು ಇಷ್ಟು ಕಾಲ ಹಿಡಿಯಿತೆಂಬುದು ವೈದ್ಯಕೀಯದ ದುರಂತಗಳಲ್ಲೊಂದು.

ಅನಂತರದ ನಿಯಮಗಳು ಕಾಲಮಿತಿಗೂ ಅಷ್ಟೇ ಒತ್ತು ನೀಡಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಅಪಧಮನಿಯ ಕೊಳವೆಯನ್ನು 5 ದಿನಗಳಿಗಿಂತ ಹೆಚ್ಚು ಇಡದಿರುವುದು ಲೇಸೆಂದೂ, ಅಭಿಧಮನಿಯದನ್ನು ಅಗತ್ಯ ಮುಗಿದ ಕೂಡಲೇ ತೆಗೆಯಬೇಕು, ಶುಚಿತ್ವ ಕಾಪಾಡಿದರೆ 14 ದಿನಗಳವರೆಗೆ ಇಡಬಹುದೆಂದೂ ಹೇಳಿತ್ತು. ಕೊಳವೆ ಇರುವಷ್ಟು ಕಾಲ ಮಗುವಿನ ಕಾಲ್ಬೆರಳುಗಳನ್ನು ದಾದಿಯರು ಮತ್ತೆಮತ್ತೆ ನೋಡುತ್ತಾರೆ. ಬೆರಳು ಬಿಳಿಚಿಕೊಂಡು ಅಥವಾ ನೀಲಿಗಟ್ಟಿ ಸರಿಹೋಗದಿದ್ದರೆ, ಕೊಳವೆಯನ್ನು ಹೊರತೆಗೆಯಲಾಗುತ್ತದೆ.