ಆತ್ಮಿಕ ಪಕ್ವತೆ ಮತ್ತು ಸಭಾಧಿಕಾರ: ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಕ್ರೈಸ್ತ ಸಭೆಗಳು

ಕ್ರೈಸ್ತ ಸಭೆಯಲ್ಲಿ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಆ ಧರ್ಮದಷ್ಟೇ ಪ್ರಾಚೀನವಾದುದು. ಸಭಾಧ್ಯಕ್ಷನಾಗುವವನು ಹೊಸದಾಗಿ ವಿಶ್ವಾಸಕ್ಕೆ ಬಂದವನಾಗಿರಬಾರದೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ವಿಧಿಸುತ್ತದೆ. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯವಾದರೋ ಅಪೊಸ್ತಲರೂ ಹಿರಿಯರೂ ಸರ್ವಸಭೆಯೊಡನೆ ಕೂಡಿ ನಿರ್ಣಯಕ್ಕೆ ಬಂದ ಪ್ರಸಂಗವನ್ನು ನಿರೂಪಿಸುತ್ತದೆ. ಮೊದಲನೆಯದು ವ್ಯಕ್ತಿಯ ಪಕ್ವತೆಯನ್ನೂ ಎರಡನೆಯದು ಸಮುದಾಯದ ಸಮ್ಮತಿಯನ್ನೂ ಎತ್ತಿಹಿಡಿಯುತ್ತದೆ. ಇವೆರಡರ ನಡುವಣ ತಿಕ್ಕಾಟ ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸಭೆಗಳ ಚರಿತ್ರೆಯಲ್ಲಿ ವಿಶಿಷ್ಟ ರೂಪ ತಳೆಯಿತು.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡಿತು. ಮೇಲ್ವಿಚಾರಕರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರಿದ್ದರು. ಸುರಂಗಕ್ಕಿಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು. ಮೈಸೂರಿನ ಕಮಿಷನರಾಗಿದ್ದ ಎಲ್.ಬಿ. ಬೌರಿಂಗ್ ಅವರ ಹೆಸರು ಪಡೆದಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಗಣಿಗೆ ರೈಲು ಸಂಪರ್ಕದ ಹೆಬ್ಬಾಗಿಲಾಯಿತು. ಆಂಗ್ಲಿಕನ್, ರೋಮನ್ ಕಥೋಲಿಕ, ಮೆಥಡಿಸ್ಟ್ ಪಂಥಗಳು ಇಲ್ಲಿ ನೆಲೆಯೂರಿದವು. ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ದೇವಾಲಯ ಆ ಕಾಲದ ಕುರುಹಾಗಿ ಇಂದಿಗೂ ಉಳಿದಿದೆ.

ಪಕ್ವತೆಯನ್ನು ಅಳೆಯುವ ಕ್ರಮವನ್ನು ಅತ್ಯಂತ ಸ್ಪಷ್ಟವಾಗಿ ರೂಪಿಸಿಕೊಂಡಿದ್ದವರು ಮೆಥಡಿಸ್ಟರು. ಕೋಲಾರದಲ್ಲಿ ಅನಾಥಾಲಯ ನಡೆಸುತ್ತಿದ್ದ ಮಿಸ್ ಆನ್‌ಸ್ಟೆಯವರು 1890ರಲ್ಲಿ ತಮ್ಮ ಮಿಷನ್ನನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಬೋಧಿಸಲು ಮುಂದೆ ಬಂದವನಲ್ಲಿ ಕೃಪೆ ಇದೆಯೇ, ವರ ಇದೆಯೇ, ಫಲ ಕಂಡಿದೆಯೇ ಎಂಬ ಮೂರು ಪ್ರಶ್ನೆಗಳು ಜಾನ್ ವೆಸ್ಲಿಯ ಕಾಲದಿಂದ ಈ ಪಂಥದಲ್ಲಿ ಬಳಕೆಯಲ್ಲಿದ್ದವು. ಸ್ಥಳೀಯ ಬೋಧಕನ ಅನುಮತಿಪತ್ರವನ್ನು ತ್ರೈಮಾಸಿಕ ಸಮ್ಮೇಳನ ವರ್ಷವರ್ಷವೂ ಪರಿಶೀಲಿಸಿ ನವೀಕರಿಸಬೇಕಿತ್ತು. ಅಂದರೆ ಪಕ್ವತೆ ಒಮ್ಮೆ ಗಳಿಸಿ ಉಳಿಸಿಕೊಳ್ಳುವ ಪದವಿಯಾಗಿರದೆ, ನೆರೆಹೊರೆಯವರ ಕಣ್ಣೆದುರು ಮತ್ತೆ ಮತ್ತೆ ರುಜುವಾಗಬೇಕಾದ ನಡತೆಯಾಗಿತ್ತು. ಆದರೆ ಸಭಾಪಾಲಕರ ನೇಮಕ ಮತ್ತು ವರ್ಗಾವಣೆಯ ಅಧಿಕಾರ ಬಿಷಪರಲ್ಲೇ ಇತ್ತು. ಕೆಳಗಿನವರು ಯೋಗ್ಯತೆಯನ್ನು ಗುರುತಿಸಬಹುದಿತ್ತು. ಅಂತಿಮ ತೀರ್ಮಾನ ಮೇಲಿನಿಂದ ಬರುತ್ತಿತ್ತು.

ಪಕ್ವತೆಯೆಂಬ ಮಾತೇ ಅಧಿಕಾರವನ್ನು ಮುಂದೂಡುವ ಸಾಧನವಾದದ್ದೂ ಉಂಟು. ದೇಶೀಯ ಸಭೆಗಳು ಸ್ವಾವಲಂಬಿಯೂ ಸ್ವಯಮಾಡಳಿತವುಳ್ಳವೂ ಸ್ವಯಂಪ್ರಸಾರಕವೂ ಆಗಬೇಕೆಂದು ಹೆನ್ರಿ ವೆನ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲೇ ಪ್ರತಿಪಾದಿಸಿದ್ದರು. ಆದರೂ ‘ಇನ್ನೂ ಕಾಲ ಬಂದಿಲ್ಲ’ ಎಂಬ ಧೋರಣೆ ಮಿಷನರಿ ವಲಯದಲ್ಲಿ ಬಹುಕಾಲ ಮುಂದುವರಿಯಿತು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ ವಿ.ಎಸ್. ಅಜರಯ್ಯ ಅದನ್ನು ನೇರವಾಗಿ ಪ್ರಶ್ನಿಸಿದರು. 1912ರಲ್ಲಿ ದೋರ್ನಕಲ್ಲಿನಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪರಾದರು. ಜವಾಬ್ದಾರಿ ಕೊಡದೆ ಪಕ್ವತೆಯನ್ನು ನಿರೀಕ್ಷಿಸುವುದು ಸಲ್ಲದೆಂಬುದು ಅದೇ ವರ್ಷ ಪ್ರಕಟವಾದ ರೋಲಂಡ್ ಆಲನ್ ಅವರ ಗ್ರಂಥದ ತಿರುಳು.

ಗಣಿ ಪ್ರದೇಶದ ಜನಜೀವನ ಈ ವಾದಕ್ಕೆ ಪುಷ್ಟಿ ನೀಡುತ್ತದೆ. ಅಯೋತಿ ದಾಸ ಪಂಡಿತರಿಂದ ಪ್ರೇರಿತರಾದ ಇಲ್ಲಿನ ತಮಿಳರು ಮಾರಿಕುಪ್ಪಂನಲ್ಲಿ ತಮ್ಮದೇ ಬೌದ್ಧ ಸಂಘವನ್ನು ಕಟ್ಟಿ ನಡೆಸಿದರು. 1930ರಲ್ಲಿ, ಮಾನ್ಯತೆ ಪಡೆದ ಕಾರ್ಮಿಕ ಸಂಘವೇ ಇಲ್ಲದಿದ್ದಾಗ, ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಒಮ್ಮನಸ್ಸಿನಿಂದ ಮುಷ್ಕರ ಹೂಡಿದರು. ಕೂಡಿ ನಿರ್ಧರಿಸುವ ಸಾಮರ್ಥ್ಯ ಈ ಜನರಿಗೆ ಯಾರೋ ಕಲಿಸಿಕೊಡಬೇಕಾದುದಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಆಡಳಿತದ ಸ್ವರೂಪ ಬದಲಾಯಿತು. 1947ರ ಸೆಪ್ಟೆಂಬರ್ 27ರಂದು ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು ಬಿಷಪ್ ಪದವಿಯನ್ನು ಉಳಿಸಿಕೊಂಡೇ ಚುನಾಯಿತ ಸಮಿತಿಗಳಿಗೂ ಸಾಮಾನ್ಯ ಸದಸ್ಯರಿಗೂ ಆಡಳಿತದಲ್ಲಿ ಪಾಲು ನೀಡಿತು. ಅದರಿಂದ ಹೊರಗುಳಿದ ಅಮೆರಿಕನ್ ಮೂಲದ ಮೆಥಡಿಸ್ಟರು 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆಯೆಂದು ಸ್ವಾಯತ್ತರಾದರು. ಕಥೋಲಿಕ ಧರ್ಮಸಭೆಯ 1983ರ ನಿಯಮಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿತಾದರೂ ಪಾಲನಾ ಸಮಿತಿಗೆ ಸಲಹಾಧಿಕಾರವನ್ನಷ್ಟೇ ನೀಡಿತು.

ಚುನಾವಣೆ ಬಂದ ಮಾತ್ರಕ್ಕೆ ಪಕ್ವತೆಯ ಪ್ರಶ್ನೆ ಬಗೆಹರಿಯಲಿಲ್ಲ. ಅಂತರಂಗದ ಗುಣವನ್ನು ಮತದಾರರ ಪಟ್ಟಿಯಲ್ಲಿ ದಾಖಲಿಸಲಾಗದು. ದೀಕ್ಷಾಸ್ನಾನ, ಪ್ರಭುಭೋಜನದಲ್ಲಿ ಭಾಗಿತ್ವ, ಸಭೆಗೆ ಸಲ್ಲಿಸುವ ಚಂದಾ ಮುಂತಾದ ಹೊರಗುರುತುಗಳನ್ನೇ ಆಧರಿಸಬೇಕಾಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಈ ಅಳತೆಗೋಲಿನ ದೌರ್ಬಲ್ಯ ಬಯಲಾಯಿತು. ಸಂಬಳ ನಿಂತ ಮನೆಯಿಂದ ಚಂದಾ ಬರುವುದು ಕಷ್ಟ. ಮುಂಜಾನೆಯ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವನು ಸಮಿತಿಯ ಸಭೆಗೆ ಬರುವುದೂ ಕಷ್ಟ. ಕೊಡುಗೆಯನ್ನೂ ಹಾಜರಿಯನ್ನೂ ಮಾತ್ರ ಲೆಕ್ಕ ಹಿಡಿದರೆ ಬಡತನವೇ ಅಪಕ್ವತೆಯೆಂದು ಎಣಿಕೆಯಾಗುವ ಅಪಾಯವಿದೆ.

ಮಿಷನರಿ ಯುಗದಲ್ಲಿ ಜನಾಂಗದ ಹೆಸರಿನಲ್ಲಿ ನಡೆದ ತಪ್ಪು ಹಣದ ಹೆಸರಿನಲ್ಲಿ ಮರುಕಳಿಸಬಾರದು. ಕೃಪೆ, ವರ, ಫಲಗಳ ಹಳೆಯ ಪರೀಕ್ಷೆ ಇಲ್ಲಿ ಇಂದಿಗೂ ಪ್ರಸ್ತುತ. ಅದು ಕೇಳುವುದು ಬದುಕಿನ ಸಾಕ್ಷ್ಯವನ್ನು. ಆ ಸಾಕ್ಷ್ಯ ನುಡಿಯಬಲ್ಲವರು ಒಂದೇ ಲೈನಿನಲ್ಲಿ ಜೊತೆಗೆ ಬಾಳಿದ ನೆರೆಯವರು. ಪಕ್ವತೆಯನ್ನು ಗುರುತಿಸುವ ಹಕ್ಕು ಸಮುದಾಯದಲ್ಲಿ ಉಳಿದಾಗಲೇ ಅಧಿಕಾರ ಸೇವೆಯಾಗಿ ಪರಿಣಮಿಸಬಲ್ಲದೆಂಬುದು ಈ ನೆಲದ ಸಭಾಚರಿತ್ರೆಯಿಂದ ವೇದ್ಯವಾಗುತ್ತದೆ.