ಡ್ರಮ್ ಕೋರ್‌ನ ಶ್ರೇಷ್ಠ ಕಾಲ ಯಾವುದು?

ಹಿತ್ತಾಳೆ ವಾದ್ಯ, ತಾಳವಾದ್ಯ ಮತ್ತು ಬಾವುಟ ಬೀಸುವ ಕಲರ್ ಗಾರ್ಡ್, ಈ ಮೂರೂ ಸೇರಿದ ಅಮೆರಿಕದ ಪಥಸಂಚಲನ ವಾದ್ಯತಂಡಕ್ಕೆ ಡ್ರಮ್ ಕೋರ್ ಎಂದು ಹೆಸರು. ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳಿಗೆ ಇಲ್ಲಿ ಜಾಗವಿಲ್ಲ. ಹತ್ತು ಹನ್ನೆರಡು ನಿಮಿಷದ ಒಂದೇ ಪ್ರದರ್ಶನವನ್ನು ಇಡೀ ಬೇಸಿಗೆ ತಿದ್ದಿ ತೀಡುತ್ತ, ಊರೂರಿನ ಫುಟ್‌ಬಾಲ್ ಮೈದಾನಗಳಲ್ಲಿ ಸ್ಪರ್ಧಿಸುತ್ತ, ಆಗಸ್ಟ್‌ನಲ್ಲಿ ಈ ತಂಡಗಳು ಅಂತಿಮ ಸ್ಪರ್ಧೆಗೆ ಬಂದು ಸೇರುತ್ತವೆ. ಯಾವ ಕಾಲದ ಕೋರ್ ಶ್ರೇಷ್ಠ ಎಂಬ ವಾದ ಇದರ ಅಭಿಮಾನಿಗಳಲ್ಲಿ ದಶಕಗಳಿಂದ ನಡೆದಿದೆ. ಮೇಲ್ನೋಟಕ್ಕೆ ಇದು ತಂಡಗಳ ಹೋಲಿಕೆಯಂತೆ ಕಂಡರೂ ಇದರ ಬೇರು ಇರುವುದು ನಿಯಮಗಳಲ್ಲಿ. ವಾದ್ಯ ಹೇಗಿರಬೇಕು, ಅಂಕ ಹೇಗೆ ಕೊಡಬೇಕು ಎಂಬ ನಿಯಮ ಬದಲಾದಾಗಲೆಲ್ಲ ಕಲೆಯ ಸ್ವರೂಪವೂ ಬದಲಾಗಿದೆ.

ಮೊದಲ ಘಟ್ಟ ಮಾಜಿ ಸೈನಿಕರದು. ಮೊದಲ ಮಹಾಯುದ್ಧದಿಂದ ಮರಳಿದವರು ಕಟ್ಟಿದ ಅಮೆರಿಕನ್ ಲೀಜನ್ ಸಂಘದ ರಾಷ್ಟ್ರೀಯ ಸ್ಪರ್ಧೆ 1921ರಲ್ಲಿ ಕನ್ಸಾಸ್ ಸಿಟಿಯಲ್ಲಿ ಆರಂಭವಾಯಿತು. ಲೀಜನ್ ಶಾಖೆಗಳು, ಚರ್ಚ್‌ಗಳು, ಸ್ಕೌಟ್ ದಳಗಳು ಊರಿನ ಹುಡುಗರಿಗಾಗಿ ತಂಡ ಕಟ್ಟತೊಡಗಿದವು. ನ್ಯೂಜೆರ್ಸಿಯ ಗಾರ್‌ಫೀಲ್ಡ್‌ನ ಹೋಲಿ ನೇಮ್ ಕೆಡೆಟ್ಸ್ (ಮುಂದೆ ಗಾರ್‌ಫೀಲ್ಡ್ ಕೆಡೆಟ್ಸ್) 1934ರಲ್ಲಿ, ಮ್ಯಾಡಿಸನ್ ಸ್ಕೌಟ್ಸ್ 1938ರಲ್ಲಿ, ಶಿಕಾಗೋದ ಕ್ಯಾವಲಿಯರ್ಸ್ 1948ರಲ್ಲಿ ಹುಟ್ಟಿದ್ದು ಹೀಗೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ದೇಶದ ತುಂಬ ನೂರಾರು ತಂಡಗಳಿದ್ದವು.

ಆ ಕಾಲದ ಬ್ಯೂಗಲ್‌ನಲ್ಲಿ ಒಂದೇ ವಾಲ್ವ್ ಇರುತ್ತಿತ್ತು. ಅದನ್ನು ಅಡ್ಡಲಾಗಿ ಕೂರಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಎಲ್ಲ ಸ್ವರಗಳನ್ನೂ ನುಡಿಸುವುದು ಅದರಲ್ಲಿ ಸಾಧ್ಯವಿರಲಿಲ್ಲ. ಹೀಗಾಗಿ ಸಂಗೀತ ಹೊಂದಿಸುವವರು ಇರುವ ಸ್ವರಗಳಲ್ಲೇ ಹಾಡನ್ನು ಬಗ್ಗಿಸಿ ಕೂರಿಸಬೇಕಿತ್ತು. ಅಂಕ ಕೊಡುವ ರೀತಿಯೂ ಸೈನ್ಯದ ಶಿಸ್ತಿನದೇ. ತೀರ್ಪುಗಾರರು ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ಸಾಲುಗಳ ಪಕ್ಕದಲ್ಲೇ ನಡೆಯುತ್ತಿದ್ದರು. ಒಬ್ಬನ ಹೆಜ್ಜೆ ತಪ್ಪಿದರೆ, ಡ್ರಮ್ಮಿನ ಒಂದು ಪೆಟ್ಟು ಮುಂಚೆ ಬಿದ್ದರೆ, ಒಂದು ಸ್ವರ ಒಡೆದರೆ ಹಾಳೆಯ ಮೇಲೆ ಗೀಟು ಬೀಳುತ್ತಿತ್ತು. ಇದಕ್ಕೆ ‘ಟಿಕ್’ ಎನ್ನುತ್ತಿದ್ದರು. ಒಂದು ಟಿಕ್ ಎಂದರೆ ಅಂಕದ ಹತ್ತನೇ ಒಂದು ಭಾಗ ಕಡಿತ. ಈ ಪದ್ಧತಿಯಲ್ಲಿ ಹೊಸ ಸಾಹಸಕ್ಕೆ ಕೈಹಾಕಿ ಎಡವುವುದಕ್ಕಿಂತ ಗೊತ್ತಿದ್ದುದನ್ನೇ ತಪ್ಪಿಲ್ಲದೆ ಮಾಡುವುದು ಲಾಭದಾಯಕವಾಗಿತ್ತು.

1971ರ ಹೊತ್ತಿಗೆ ತಂಡಗಳು ನಿಯಮ ರೂಪಿಸುತ್ತಿದ್ದ ಮಾಜಿ ಸೈನಿಕರ ಸಂಘಗಳ ಹಿಡಿತಕ್ಕೆ ತಿರುಗಿಬಿದ್ದವು. ಆ ವರ್ಷ ಮ್ಯಾಡಿಸನ್ ಸ್ಕೌಟ್ಸ್ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯನ್ನು, ಕ್ಯಾವಲಿಯರ್ಸ್ ಸರ್ಕಸ್ಸನ್ನು ಮೈದಾನಕ್ಕಿಳಿಸಿದವು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗಲೇ ಗಾರ್‌ಫೀಲ್ಡ್ ಕೆಡೆಟ್ಸ್ ಶಾಂತಿಯ ಚಿಹ್ನೆಯಾಗಿ ನಿಂತಿತು. ಆ ಸಂಘಗಳ ಕೈಯಿಂದ ನಿಯಮ ರೂಪಿಸುವ ಹಕ್ಕನ್ನು ಬಿಡಿಸಿಕೊಳ್ಳಲು ತಂಡಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸ್ಥಾಪಿಸಿದವು. ಈ ಸಂಸ್ಥೆಯ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ಗೆದ್ದದ್ದು ಅನಾಹೈಮ್ ಕಿಂಗ್ಸ್‌ಮೆನ್.

ಎಪ್ಪತ್ತರ ದಶಕ ಕ್ಯಾಲಿಫೋರ್ನಿಯಾದ ತಂಡಗಳದು. ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ 1973, 1974 ಮತ್ತು 1978ರಲ್ಲಿ ಗೆದ್ದಿತು. ಕಾನ್‌ಕಾರ್ಡ್‌ನ ಬ್ಲೂ ಡೆವಿಲ್ಸ್ ಜಾಝ್ ಸಂಗೀತದ ಬಲದಿಂದ 1976ರಿಂದ 1982ರವರೆಗಿನ ಏಳು ವರ್ಷಗಳಲ್ಲಿ ಐದು ಪ್ರಶಸ್ತಿ ಪಡೆಯಿತು. 1977ರಲ್ಲಿ ಎರಡು ವಾಲ್ವ್‌ನ ಬ್ಯೂಗಲ್‌ಗೆ ಅನುಮತಿ ಸಿಕ್ಕಿತು. ಟಿಕ್ ಇನ್ನೂ ಉಳಿದಿತ್ತು, ಆದರೆ ಸಂಗೀತದ ಆಯ್ಕೆ ಸ್ವತಂತ್ರವಾಗಿತ್ತು. ಶಿಸ್ತೂ ಭಾವವೂ ಸಮತೂಕದಲ್ಲಿದ್ದ ಕಾಲ ಇದೇ ಎಂಬುದು ಹಿರಿಯ ಅಭಿಮಾನಿಗಳ ಮಾತು. ಕಿರಿಯರು ಅವರನ್ನು ‘ಡೈನೋಸಾರ್’ ಎಂದು ಛೇಡಿಸುವುದುಂಟು.

ಮುಂದಿನ ದೊಡ್ಡ ತಿರುವು ಕವಾಯತಿನಲ್ಲಿ ಬಂತು. ಅಲ್ಲಿಯವರೆಗೆ ಮೈದಾನದ ನಡುಗೆರೆಯ ಎಡಬಲದಲ್ಲಿ ಒಂದೇ ಬಗೆಯ ಸಾಲುಗಳಿರುತ್ತಿದ್ದವು. ಗಾರ್‌ಫೀಲ್ಡ್ ಕೆಡೆಟ್ಸ್‌ನ ಚಲನೆಗಳನ್ನು ರೂಪಿಸುತ್ತಿದ್ದ ಜಾರ್ಜ್ ಜಿಂಗಾಲಿ ಆ ಸಮ್ಮಿತಿಯನ್ನು ಮುರಿದರು. ಸಾಲುಗಳು ಬಳುಕುತ್ತ, ಒಂದರೊಳಗೊಂದು ಹಾಯುತ್ತ, ಓಡುವ ವೇಗದಲ್ಲಿ ಆಕಾರ ಬದಲಿಸತೊಡಗಿದವು. ಆ ತಂಡ 1983, 1984, 1985ರಲ್ಲಿ ಸತತವಾಗಿ ಗೆದ್ದಿತು. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕೂ ಮೊದಲು ಸತತ ಮೂರು ಬಾರಿ ಯಾರೂ ಗೆದ್ದಿರಲಿಲ್ಲ. 1983ರ ನಂತರ ಟಿಕ್ ಪದ್ಧತಿ ಹೋಯಿತು. ತಪ್ಪನ್ನು ಕಳೆಯುವ ಬದಲು ಸಾಧನೆಗೆ ಅಂಕ ಕೂಡಿಸುವ ಕ್ರಮ ಬಂದಮೇಲೆ ಸಾಹಸಕ್ಕೆ ದಂಡದ ಭಯ ಉಳಿಯಲಿಲ್ಲ. ಮೈದಾನದ ಮುಂದುಗಡೆ ಮರಿಂಬಾ, ಟಿಂಪನಿಗಳನ್ನು ನೆಲದ ಮೇಲಿಟ್ಟು ನುಡಿಸುವ ಪದ್ಧತಿಯೂ ಎಂಬತ್ತರ ದಶಕದ ಆರಂಭದಲ್ಲೇ ಬಂದಿತು.

ಈ ಘಟ್ಟದ ಕೊನೆಗೆ ನಿಲ್ಲುವುದು 1993ರ ಸ್ಟಾರ್ ಆಫ್ ಇಂಡಿಯಾನಾ. 1991ರ ಚಾಂಪಿಯನ್ ಆಗಿದ್ದ ಈ ತಂಡ ಬಾರ್ಬರ್ ಮತ್ತು ಬಾರ್ಟೋಕ್ ಅವರ ಕಠಿಣ ಸಂಗೀತವನ್ನು ಆರಿಸಿಕೊಂಡು, ಚಪ್ಪಾಳೆಗಾಗಿ ನಿಲ್ಲುವ ಜಾಗಗಳನ್ನೇ ತೆಗೆದುಹಾಕಿತು. ಪ್ರೇಕ್ಷಕರಲ್ಲಿ ಒಡಕು ಮೂಡಿತು. ಕೆಡೆಟ್ಸ್ 97.4, ಸ್ಟಾರ್ 97.3. ಹೀಗೆ ಕೂದಲೆಳೆಯಲ್ಲಿ ಸೋತ ಸ್ಟಾರ್ ಸ್ಪರ್ಧೆಯನ್ನೇ ಬಿಟ್ಟು ರಂಗಭೂಮಿಗೆ ಹೋಯಿತು. ಅದರಿಂದ ಬೆಳೆದ ‘ಬ್ಲಾಸ್ಟ್!’ ಪ್ರದರ್ಶನ 2001ರಲ್ಲಿ ಟೋನಿ ಪ್ರಶಸ್ತಿ ಪಡೆಯಿತು.

ನಂತರದ ಬದಲಾವಣೆಗಳೆಲ್ಲ ಧ್ವನಿಗೆ ಸಂಬಂಧಿಸಿದವು. ಮೂರು ವಾಲ್ವ್‌ಗೆ 1990ರಲ್ಲೇ ಒಪ್ಪಿಗೆ ಸಿಕ್ಕಿತ್ತು. 2000ದಲ್ಲಿ ‘ಜಿ’ ಶ್ರುತಿಯ ಕಡ್ಡಾಯ ಹೋಗಿ ಸಾಮಾನ್ಯ ಬ್ಯಾಂಡಿನ ಶ್ರುತಿಯ ವಾದ್ಯಗಳು ಬಂದವು. 2004ರಲ್ಲಿ ಮೈಕು, 2009ರಲ್ಲಿ ಸಿಂಥಸೈಜರ್, 2014ರಲ್ಲಿ ಟ್ರಂಬೋನ್ ಸೇರಿದಂತೆ ಎಲ್ಲ ಹಿತ್ತಾಳೆ ವಾದ್ಯಗಳು ಒಳಗೆ ಬಂದವು. ಬರಿಯ ಉಸಿರಿನ ಬಲದಿಂದ ಸ್ಟೇಡಿಯಂ ತುಂಬುತ್ತಿದ್ದ ನಾದಕ್ಕೆ ಧ್ವನಿವರ್ಧಕ ಬೆರೆತದ್ದು ಹಳೆಯ ಅಭಿಮಾನಿಗಳ ದೊಡ್ಡ ದೂರು. ಹೊಸಬರ ಉತ್ತರವೂ ತೂಕದ್ದೇ: ಬ್ಲೂ ಡೆವಿಲ್ಸ್ 2014ರಲ್ಲಿ ಪಡೆದ 99.65 ಅಂಕವನ್ನು ಅದಕ್ಕೆ ಹಿಂದೆ ಯಾವ ತಂಡವೂ ಮುಟ್ಟಿರಲಿಲ್ಲ. ಇಳಿಜಾರು ವೇದಿಕೆಗಳ ಮೇಲೆ ಆಡಿದ ಬ್ಲೂಕೋಟ್ಸ್‌ನ 2016ರ ಪ್ರದರ್ಶನದಂಥದು ಹಿಂದೆ ಕಲ್ಪನೆಗೂ ನಿಲುಕುತ್ತಿರಲಿಲ್ಲ. ಇಷ್ಟಾದರೂ ಖರ್ಚು ಏರುತ್ತ ಹೋಗಿ ತಂಡಗಳು ಕೆಲವು ಡಜನ್‌ಗೆ ಇಳಿದಿವೆ. 1934ರ ಕೆಡೆಟ್ಸ್ ಕೂಡ 2024ರಲ್ಲಿ ಬಾಗಿಲು ಮುಚ್ಚಿತು.

ಹೀಗಾಗಿ ತೀರ್ಪು ಅಳತೆಗೋಲಿಗೆ ತಕ್ಕಂತೆ ಬದಲಾಗುತ್ತದೆ. ಊರೂರಿನ ಮಕ್ಕಳಿಗೂ ತಂಡವಿರಬೇಕು ಎನ್ನುವವರಿಗೆ 1972ಕ್ಕೆ ಮುಂಚಿನದೇ ಸುವರ್ಣಕಾಲ. ಒಬ್ಬೊಬ್ಬ ವಾದಕನ ಕೌಶಲವನ್ನೇ ನೋಡಿದರೆ ಇಂದಿನ ತಂಡಗಳಿಗೆ ಸಾಟಿಯಿಲ್ಲ. ಆದರೆ ಸ್ಪರ್ಧೆಯಾಗಿ ನೋಡಿದರೆ 1984ರಿಂದ 1993ರವರೆಗಿನ ಕಾಲದ ವಾದ ಗಟ್ಟಿಯಾಗಿದೆ. ಟಿಕ್‌ನ ಭಯ ಹೋಗಿತ್ತು, ಮೈಕು ಬಂದಿರಲಿಲ್ಲ, 1985ರ ನಂತರ ಗೆಲುವು ಯಾರ ಸೊತ್ತೂ ಆಗಿರಲಿಲ್ಲ. 2007ರಿಂದ 2019ರವರೆಗಿನ 13 ಪ್ರಶಸ್ತಿಗಳಲ್ಲಿ 8 ಬ್ಲೂ ಡೆವಿಲ್ಸ್ ಒಂದರ ಪಾಲಾದರೆ, 1986ರಿಂದ 1993ರವರೆಗಿನ ಎಂಟೇ ವರ್ಷಗಳಲ್ಲಿ ಆರು ಬೇರೆ ಬೇರೆ ತಂಡಗಳು ಚಾಂಪಿಯನ್ ಆಗಿದ್ದವು.